ಸೈಕಲ್ಲಿಗೆ ಬಣ್ಣ ಹಚ್ಚೂದು ಶೋಕಿ ಅಲ್ರೀ

ನಮ್ಮ ಹಿತ್ತಲದಾಗ ಅರಿವಿ ಒಣಗಿಸೂ ತಂತಿಗೆ ಸೈಕಲ್ಲಿನ ಸಾಮಾನು ಜೋತಾಡೂದು ನೋಡಿ ನೀವೆಲ್ಲಾ ಮಾತಾಡಿದ್ದು ನನ್ನ ಕಿವಿಗೆ ಬಂದದ. "ಹುಡುಗಿಗೆ ಓದೂದು ಬಿಟ್ಟು ಇದೇನು ಶೋಕಿ" ಅಂತ ಒಬ್ಬರು. "ಅಂಗಡ್ಯಾಗ ಕೊಟ್ರ ಒಂದ ದಿನದಾಗ ಹೊಡದು ಕೊಡ್ತಾರ, ಓಣಿ ತುಂಬ ವಾಸನಿ ಯಾಕ" ಅಂತ ಇನ್ನೊಬ್ಬರು. "ಅವ್ವನ ಮುಂದ ನಿಂತು ಮಾಡಸ್ತಾಳ, ಇನ್ನ ಮಗಳಿಗೆ ಹೇಳೋರು ಯಾರು" ಅಂದವರು ಯಾರು ಅಂತನೂ ಗೊತ್ತದ. ಹೆಸರು ಬರಿಯೂದಿಲ್ಲ, ಎಳ್ಳು ಬೀರಲಿಕ್ಕೆ ಅವರ ಮನಿಗೇ ಹೋಗಬೇಕು. ಆದ್ರ ಉತ್ತರ ಮಾತ್ರ ಇಲ್ಲೇ ಬರೀತೀನಿ.

ಮೊದಲ ಈ ಶೋಕಿ ಅನ್ನೂ ಮಾತು. ಇಳಕಲ್ಲ ಸೀರಿಗೆ ಕಸೂತಿ ಹಾಕಕೋತ ನಾವು ತಿಂಗಳಗಟ್ಟಲೆ ಕಣ್ಣು ಸವಸ್ತೀವಿ. ಎಳಿ ಎಣಿಸಬೇಕು, ಗಂಟು ಹಾಕೂ ಹಂಗಿಲ್ಲ, ಗವಂತಿ ಆದ್ರ ಎರಡೂ ಮಗ್ಗಲ ಒಂದ ಥರ ಕಾಣಬೇಕು. ಅದಕ್ಕ ಯಾರೂ ಶೋಕಿ ಅನ್ನಂಗಿಲ್ಲ, ಕೈಕೆಲಸ ಅಂತಾರ. ಅಜ್ಜಿ ಕಾಲದ ಟ್ರಂಕಿಗೆ ಬಣ್ಣ ಹಚ್ಚಿ ಪಡಸಾಲ್ಯಾಗ ಇಟ್ರ "ಎಷ್ಟು ಛಂದ ಮಾಡೀರಿ ವೈನಿ" ಅಂತೀರಿ. ಹಿತ್ತಾಳಿ ಪಾತೇಲಿಗೆ ಕಲಾಯಿ ಹಾಕಿಸಿದ್ರ ಜ್ವಾಕಿ ಹೆಂಗಸು ಅಂತೀರಿ. ಅದೇ ಒಬ್ಬ ಹುಡುಗಿ ತಾನು ದಿನಾ ಹತ್ತೂ ಸೈಕಲ್ಲು ಬಿಚ್ಚಿ, ತೊಳದು, ಬಣ್ಣ ಹಚ್ಚಿದ್ರ ಶೋಕಿ ಹೆಂಗಾತು? ಇಂಥಾ ಸೈಕಲ್ಲು ಹೊಸಾದು ತಗೋತೀನಿ ಅಂದ್ರ ಹತ್ತಾರು ಸಾವಿರ ಕೈಯಾಗ ಹಿಡಕೊಂಡು ಅಂಗಡಿಗೆ ಹೋಗಬೇಕು. ನಾಲ್ಕು ಡಬ್ಬಿ ಬಣ್ಣದಾಗ ಹಳೇದು ಉಳೀತು ಅಂದ್ರ ಅದು ಶೋಕಿಯೋ ಸಂಸಾರವೋ ನೀವ ಹೇಳ್ರಿ.

ಇದು ಹಾಲಿನವರು ಕ್ಯಾನು ಕಟಗೊಂಡು ಬರೂ ಅಂಥಾ ಸೈಕಲ್ಲಲ್ಲ. ರೋಡ್ ಬೈಕ್ ಅಂತಾರ. ತೆಳ್ಳನ ಟೈರು, ಟಗರಿನ ಕೋಡಿನಂಗ ಕೆಳಗ ಬಗ್ಗಿದ ಹ್ಯಾಂಡಲ್ಲು, ಒಂದು ಕೈಲೆ ಎತ್ತಬಹುದು ಅಷ್ಟು ಹಗುರ. ನಮ್ಮ ಸೀಮಿಗೆ ಹೊಸಾದೇನಲ್ಲ. ವಿಜಯಪುರ, ಬಾಗಲಕೋಟಿ ಕಡೆ ಹಳ್ಳಿ ಹುಡುಗ್ರು, ಹುಡುಗ್ಯಾರು ಇಂಥಾದರ ಮ್ಯಾಲೆ ಕೂತು ರಾಷ್ಟ್ರಮಟ್ಟದ ರೇಸಿನ್ಯಾಗ ಪದಕ ತಂದಾರ. ನಮ್ಮ ಮಗಳದೂ ವಿಜಯಪುರದಾಗ ರೇಸು ಬಿಟ್ಟ ಒಬ್ಬ ಹುಡುಗನ ಕಡೆಯಿಂದ ಬಂದ ಹಳೇ ಗಾಡಿ. ಫ್ರೇಮು ಅಲ್ಯೂಮಿನಿಯಮ್, ಮುಂದಿನ ಗಾಲಿ ಹಿಡಿಯೂ ಫೋರ್ಕು ಕಾರ್ಬನ್.

ಇನ್ನ "ಅಂಗಡ್ಯಾಗ ಕೊಡ್ರಿ" ಅಂದವರಿಗೆ. ಕೊಟ್ಟಿದ್ವಿ ಅಕ್ಕಾರ. ಹೋದ ವರ್ಷ ನಮ್ಮನಿಯವರು ಒಂದು ಅಂಗಡಿಗೆ ಕೊಟ್ಟು ಬಂದ್ರು, ಅಂಗಡಿ ಯಾವುದಂತ ಕೇಳಬ್ಯಾಡ್ರಿ. ಅವ ಒಂದ ದಿನದಾಗ ಕೊಟ್ಟ, ಖರೇ. ಏನೂ ಬಿಚ್ಚಲಾರದ, ಇದ್ದ ಸ್ಟಿಕ್ಕರಿನ ಮ್ಯಾಲೇ ಕರೀ ಬಣ್ಣ ಹೊಡದಿದ್ದ. ಬೋಲ್ಟಿನ ತೂತಿನ್ಯಾಗ ಬಣ್ಣ ತುಂಬಿ ಅಲನ್ ಕೀಲಿ ಒಳಗ ಕೂಡವಲ್ತು. ಅದೆಲ್ಲಾ ಹಾಳಾಗಿ ಹೋಗ್ಲಿ. ಗಾಲಿಯ ರಿಮ್ಮಿಗೂ ಮಿರಿಮಿರಿ ಮಿಂಚೂಹಂಗ ಹೊಡದಿದ್ದ. ಈ ಗಾಡಿ ಬ್ರೇಕು ಹೆಂಗ ಕೆಲಸ ಮಾಡ್ತದ ಗೊತ್ತೇನು? ಎರಡು ರಬ್ಬರ ತುಂಡು ಎರಡೂ ಕಡೆಯಿಂದ ರಿಮ್ಮಿನ ಬಗಲಿಗೆ ಒತ್ತಿ ಹಿಡೀತಾವ. ಅಲ್ಲಿ ಬರೇ ಲೋಹ ಇರಬೇಕು. ಬಣ್ಣ ಇದ್ರ ರಬ್ಬರು ಜಾರ್ತದ, ಬಣ್ಣ ಕಿತ್ತು ರಬ್ಬರಿಗೆ ಮೆತಗೋತದ, ಆಮ್ಯಾಲೆ ಇನ್ನಷ್ಟು ಜಾರ್ತದ. ಮಗಳು ಊರ ಹೊರಗಿನ ಇಳಕಲದಾಗ ಬ್ರೇಕು ಹಿಡದ್ರ ಗಾಡಿ ನಿಂದರವಲ್ತು. ಎದುರಿಗೆ ಕಬ್ಬಿನ ಟ್ರ್ಯಾಕ್ಟರು. ಪಕ್ಕದ ಹೊಲದ ಮೆತ್ತನ ಮಣ್ಣಿನ್ಯಾಗ ಇಳಿಸಿ ಬಿದ್ದು, ಮೊಣಕಾಲು ತರಚಕೊಂಡು ಮನಿಗೆ ಬಂದ್ಲು. ಅಂಗಡಿಯವನ್ನ ಕೇಳಿದ್ರ "ಛಂದ ಕಾಣ್ತದಲ್ರೀ ಅಕ್ಕಾ" ಅಂದ. ಅವಗೇನು, ಹತ್ತಾಕಿ ಅವನ ಮಗಳಲ್ಲ.

ಅವತ್ತಿಂದ ನಾನ ಮುಂದ ನಿಂತೀನಿ. ಮೂರನೇ ಮಾತಿಗೆ ಅದ ಉತ್ತರ.

ಈಗ ಕೆಲಸ ಹೆಂಗ ಮಾಡಿದ್ವಿ ಅಂತ ಕೇಳ್ರಿ, ಇದರಾಗ ನಮಗ ಗೊತ್ತಿರಲಾರದ್ದು ಎಷ್ಟದ ಅಂತ ನೀವ ಎಣಸ್ರಿ. ನಾನು ಪಿಯುಸಿ ಆರ್ಟ್ಸು, ಸೈನ್ಸ್ ಮುಟ್ಟಿದಾಕಿ ಅಲ್ಲ. ಮೊದಲ ಪ್ರತಿಯೊಂದು ಭಾಗ ಬಿಚ್ಚಿದ್ವಿ. ಬೋಲ್ಟು, ವಾಶರು ಕಳೀಬಾರದು ಅಂತ ಹಳೇ ಇಡ್ಲಿ ತಟ್ಟಿ ಕೊಟ್ಟೆ, ಒಂದೊಂದು ಕುಣಿಯಾಗ ಒಂದೊಂದು ಭಾಗದ್ದು. ಆಮ್ಯಾಲೆ ಪಾತ್ರಿ ಸಾಬೂನಿಲೆ ತಿಕ್ಕಿ ತಿಕ್ಕಿ ಜಿಡ್ಡು ತಗದು, ಒಣಗಿಸಿ, ಸ್ಪಿರಿಟ್ಟಿಲೆ ಒರಸಿದ್ವಿ. ಅಲ್ಲಿಂದ ಮುಂದ ಬರೇ ಕೈಲೆ ಮುಟ್ಟೂದಿಲ್ಲ, ಬೆರಳಿನ ಎಣ್ಣಿ ಹತ್ತಿದಲ್ಲಿ ಬಣ್ಣ ಹಿಡಿಯಂಗಿಲ್ಲ. ನೀರು ಹಾಕಿ 400 ನಂಬರಿನ ಕಾಗದ, ಅದರ ಮ್ಯಾಲೆ 600. ಬರೇ ಅಲ್ಯೂಮಿನಿಯಮ್ ಕಂಡಲ್ಲಿ ಸೆಲ್ಫ್ ಎಚಿಂಗ್ ಪ್ರೈಮರ್ ಅಂತ ಬರ್ತದ, ಅದು ಬೇಕ ಬೇಕು. ಇಲ್ಲಂದ್ರ ನಾಕು ತಿಂಗಳಿಗೆ ಬಣ್ಣ ಹಪ್ಪಳಾಗಿ ಏಳ್ತದ.

ಬಣ್ಣ ಹೊಡಿಯೂದರಾಗ ಗಂಡು ಹುಡುಗ್ರು ಕೆಡಸೂದು ಅವಸರಕ್ಕ. ಒಮ್ಮೆಲೆ ದಪ್ಪ ಹೊಡೀತಾರ. ಕಾದ ಹಾಲು ನೆನಸ್ಕೋರಿ, ಮ್ಯಾಲೆ ಕೆನಿ ಕಟ್ತದ, ಕೆಳಗ ಹಾಲು ಹಾಲಾಗೇ ಇರ್ತದ. ದಪ್ಪ ಬಣ್ಣನೂ ಹಂಗ, ಮ್ಯಾಲೆ ಒಣಗಿ ಕೆಳಗ ಹಸೀ ಉಳದು ಸುಕ್ಕು ಬೀಳ್ತದ, ಇಲ್ಲಾ ಸೋರಿ ಹನಿ ನಿಂದರ್ತದ. ಒಂದು ಗೇಣಿಗಿಂತ ಚೂರು ದೂರ ಹಿಡದು, ಕೈ ನಿಂದರಲಾರದಂಗ ಓಡಿಸಿ, ಮಂಜು ಬಿದ್ದಂಗ ತೆಳುವಾಗಿ ಹೊಡೀಬೇಕು. ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೊಂದು. ನಾಕು ಸಲ ಆದ್ರ ಸಾಕು. ಶಾಂಡಿಗಿ ಹಾಕೂವಾಗ ಬಿಸಲು ನೋಡ್ತೀವಲ್ಲ, ಇದಕ್ಕೂ ಹವಾ ನೋಡಬೇಕು. ನಮ್ಮ ಧಾರವಾಡದ ಮಳಿ ಹಿಡದಾಗ ಮುಟ್ಟಲೇಬ್ಯಾಡ್ರಿ, ಥಂಡಿ ಹವಾದಾಗ ಬಣ್ಣ ಬೆಳ್ಳಗಾಗಿ ಕೂಡ್ತದ. ಮುಂಜಾನಿ ಗಾಳಿ ಏಳೂಕಿಂತ ಮೊದಲ ಮುಗಿಸಿದ್ರ ಧೂಳು ಹತ್ತಂಗಿಲ್ಲ. ಒಣಗೂದಕ್ಕ ಪೂರಾ ಒಂದು ವಾರ. ಮುಟ್ಟಿದ್ರ ಒಣಗೇದ ಅನಸ್ತದ, ಉಗರು ಒತ್ತಿ ನೋಡ್ರಿ, ಗುರ್ತು ಬೀಳ್ತದ. ಆ ತಂತಿ ಮ್ಯಾಲೆ ವಾರಗಟ್ಟಲೆ ಜೋತಾಡಿದ್ದು ಇದಕ್ಕ, ನಿಮಗ ತೋರಸಲಿಕ್ಕಲ್ಲ.

ಬಣ್ಣ ಯಾವುದಂದ್ರ, ನನ್ನ ಇಳಕಲ್ಲ ಸೀರಿ ದಾಳಿಂಬ್ರಿ ಬಣ್ಣ. ಮಗಳು ಸೀರಿ ಸೆರಗನ್ನ ಅಂಗಡಿಗೇ ಒಯ್ದು ಡಬ್ಬಿ ಜೋಡಿ ಕೂಡಿಸಿ ನೋಡಿ ತಂದ್ಲು. ಫ್ರೇಮಿನ ಮ್ಯಾಲಿನ ಪೈಪಿಗೆ ಕಾಗದದ ಟೇಪು ಹಲ್ಲು ಹಲ್ಲಾಗಿ ಕತ್ತರಿಸಿ ಹಚ್ಚಿ, ಸೆರಗಿನ ಟೋಪ್ ತೆನಿ ಹಂಗ ಬಿಳೇದು-ಕೆಂಪು ತಗದಾಳ. ಎಣಿಸಿ ಕೊಟ್ಟಾಕಿ ನಾನು. ಟೇಪು ಬಣ್ಣ ಇನ್ನೂ ಚೂರು ಹಸಿ ಇದ್ದಾಗ ಎಬ್ಬಿಸಬೇಕು, ಇಲ್ಲಂದ್ರ ಅಂಚು ಹರೀತದ. ಕ್ರ್ಯಾಂಕಿನ ಎರಡು ಕೈಗೂ, ಬಾಟಲಿ ಹಿಡಿಯೂ ಸ್ಟ್ಯಾಂಡಿಗೂ ಅದ ದಾಳಿಂಬ್ರಿ. ಹ್ಯಾಂಡಲ್ಲಿಗೆ ಹಚ್ಚಲೇ ಇಲ್ಲ, ಅದಕ್ಕ ಟೇಪು ಸುತ್ತತಾರ, ಒಳಗಿನದು ಯಾರಿಗೆ ಕಾಣಬೇಕು?

ಎಲ್ಲಿ ಹಚ್ಚಬಾರದು ಅನ್ನೂದನ್ನ ಆ ಅಂಗಡಿಯವನು ಓದ್ಲಿ ಅಂತ ಇಲ್ಲಿ ಬರೀತೀನಿ. ರಿಮ್ಮಿನ ಬಗಲಿಗೆ ಇಲ್ಲ. ಡಿಸ್ಕ್ ಬ್ರೇಕಿನ ಗಾಡಿ ಇದ್ರ ಆ ತಟ್ಟಿಗೆ ಒಂದು ಹನಿನೂ ಸಿಡೀಬಾರದು. ಬೇರಿಂಗು ಕೂಡೂ ಜಾಗಾ, ಮರಿ ಇರೂ ತೂತು, ಸೀಟಿನ ಕೋಲು ಪೈಪಿನೊಳಗ ಇಳಿಯೂ ಭಾಗ, ಇವಕ್ಕೆಲ್ಲಾ ಟೇಪು ಹಚ್ಚಿ ಮುಚ್ಚಬೇಕು. ಹ್ಯಾಂಡಲ್ಲನ್ನ ಹಿಡಿಯೂ ಸ್ಟೆಮ್ಮಿನ ಒಳಮಗ್ಗಲಕ್ಕೂ ಇಲ್ಲ. ಅಲ್ಲಿ ಬಣ್ಣ ಇದ್ರ ಬಿಗಿಸಿದ ಮ್ಯಾಲೆ ಬಣ್ಣ ಅಮುಕಿ, ಬೋಲ್ಟು ಸಡ್ಲಾಗಿ, ಹ್ಯಾಂಡಲ್ಲು ಓಡೂವಾಗ ತಿರಗ್ತದ. ಆ ಬೋಲ್ಟು ಬಿಗಿಸಲಿಕ್ಕೂ ಲೆಕ್ಕ ಅದ. ಸ್ಟೆಮ್ಮಿನ ಮ್ಯಾಲೇ ಬರದಿರ್ತಾರ, ನಮ್ಮದಕ್ಕ 5 ನ್ಯೂಟನ್ ಮೀಟರು, ಅದಕ್ಕ ಟಾರ್ಕ್ ಪಾನಾ ಬೇಕು. ಗಂಡಸರ ಅಂದಾಜು ಬ್ಯಾಡ.

ಫೋರ್ಕು ಕಾರ್ಬನ್ ಅಂದೆ. ಅದಕ್ಕ ಬಣ್ಣ ಕಳಿಯೂ ಎಣ್ಣಿ ಹಚ್ಚಿದ್ರ ನಾರು ಹಿಡಕೊಂಡಿರೂ ಅಂಟನ್ನೂ ತಿಂತದ. ಅದನ್ನ ಹಂಗ ಕರೀದ ಬಿಟ್ವಿ. ಓಣಿಯ ಒಬ್ಬ ಹುಡುಗ ಕ್ರ್ಯಾಂಕಿನ ಹಳೇ ಬಣ್ಣ ತಗೀಲಿಕ್ಕೆ ಮೋರಿ ತೊಳಿಯೂ ಕಾಸ್ಟಿಕ್ ಸೋಡಾದಾಗ ಹಾಕ್ರಿ ಕಾಕು, ಮೊಬೈಲಿನ್ಯಾಗ ತೋರಸ್ತಾರ ಅಂದ. ಅಲ್ಯೂಮಿನಿಯಮ್ ಬೋಗುಣಿಯಾಗ ಸೋಡಾ ಕುದಿಸಿ ನೋಡಿದಾಕಿ ಯಾರೂ ಅದಕ್ಕ ಹೂಂ ಅನ್ನಂಗಿಲ್ಲ. ಕಾಸ್ಟಿಕ್ಕು ಅಲ್ಯೂಮಿನಿಯಮ್ಮನ್ನ ತಿಂದು, ಬಿಸಿ ಹತ್ತಿ ಉಕ್ಕಿ, ಬೆಂಕಿ ಹತ್ತೂ ಹೈಡ್ರೋಜನ್ ಹೊಗಿ ಬಿಡ್ತದ. ಕಣ್ಣಿಗೆ ಸಿಡದ್ರ ಕಣ್ಣೇ ಹೋದಂಗ. ಎರಡು ಡಬ್ಬಿ ಕೂಡಿಸಿ ಹೊಡಿಯೂ ಗಟ್ಟಿ ಲ್ಯಾಕರನ್ನೂ ಮನಿಗೆ ತರಗೊಡಲಿಲ್ಲ. ಅದರಾಗಿನ ಐಸೊಸೈನೇಟು ಪುಪ್ಪಸಕ್ಕ ಕುಂತು ದಮ್ಮು ತರ್ತದ. ಸಾದಾ ಡಬ್ಬಿ ಹೊಡಿಯೂವಾಗನೂ ಹಿತ್ತಲದಾಗ, ಬಚ್ಚಲ ಒಲಿ ಆರಿಸಿ, ಮೂಗಿಗೆ ಡಬ್ಬಿ ಹಚ್ಚಿದ ಮಾಸ್ಕು ಕಟಗೊಂಡು. ಅರಿವಿ ಮಾಸ್ಕು ಇದಕ್ಕ ನಡಿಯಂಗಿಲ್ಲ. ವಾಸನಿ ಬಂತು ಅಂದವರ ಮಾತು ಖರೇ ಅದ, ಇನ್ನ ಮುಂದ ಒಂದಿನ ಮೊದಲ ಹೇಳಿ ಕಳಸ್ತೀನಿ, ಅರಿವಿ ಒಳಗ ತಗೋರಿ.

ಆದ್ರ ನನ್ನ ಸಿಟ್ಟಿಗೆ ನಿಜವಾದ ಕಾರಣ ಬ್ಯಾರೇನ ಅದ. ಅಂಗಡಿಯವನ ಕರೀ ಬಣ್ಣ ತಿಕ್ಕಿ ತಗಿಯೂವಾಗ ಸ್ಟೆಮ್ಮಿನ ಬೋಲ್ಟಿನ ಹಂತ್ಯಾಕ ಕೂದಲೆಳಿಯಂಥಾ ಒಂದು ಗೀರು ಕಂಡಿತು. ಬಣ್ಣ ಬಿಟ್ಟದ ಅಂತ ಇನ್ನೂ ತಿಕ್ಕಿದ್ವಿ. ಬಣ್ಣದ ಗೀರಿದ್ರ ಬಣ್ಣದ ಜೋಡಿ ಹೋಗ್ತದ. ಇದು ಹೋಗವಲ್ತು. ಬರೇ ಲೋಹ ಆದ ಮ್ಯಾಲೂ ಇತ್ತು, ಉಗರಿಗೆ ತಟ್ಟತಿತ್ತು. ಲೋಹನ ಸೀಳಿತ್ತು. ಓಡೂವಾಗ ಅದು ಮುರದಿದ್ರ ಹ್ಯಾಂಡಲ್ಲು ಕೈಯಾಗ ಬರ್ತಿತ್ತು. ಅವತ್ತ ಅದನ್ನ ಗುಜರಿಗೆ ಹಾಕಿ ಹೊಸಾದು ತರಿಸಿದ್ವಿ. ಅಂಗಡಿಯವ ಅದನ್ನ ನೋಡೇ ಇಲ್ಲ, ಯಾಕಂದ್ರ ತೊಳದೇ ಇಲ್ಲ. ತೊಳದಾಕಿ ನಮ್ಮ ಹುಡುಗಿ. ಕಾಳು ಆರಿಸೂ ಕಣ್ಣು, ಪಾತ್ರಿ ತಿಕ್ಕೂ ಕೈ ಇದ್ದಾಕಿ. ಆಕಿ ಕೈ ಕರ್ರಗಾಗ್ಯಾವ ಅಂತ ನೀವು ಕನಿಕರ ಪಡ್ತೀರಿ!

ನಿಮ್ಮ ನಿಮ್ಮ ಮನ್ಯಾಗೂ ಹುಡುಗ್ರ ಸೈಕಲ್ಲು ಇರತಾವ. ಇವತ್ತ ಸಂಜಿಮುಂದ ದೀಪ ಹಚ್ಚೂಕಿಂತ ಮೊದಲ ಒಮ್ಮೆ ಗಾಲಿ ತಿರುವಿ ನೋಡ್ರಿ. ಬ್ರೇಕಿನ ರಬ್ಬರು ತಾಗೂ ಪಟ್ಟಿ ಮ್ಯಾಲೆ ಬಣ್ಣ ಇದ್ರ ಹತ್ತಗೊಡಬ್ಯಾಡ್ರಿ. ನನ್ನ ಹತ್ರ 400 ನಂಬರಿನ ಕಾಗದ ಇನ್ನೂ ಎರಡು ಹಾಳಿ ಉಳದದ, ಬಂದು ಒಯ್ರಿ. ಬರೂವಾಗ ಒಣಗಲಿಕ್ಕೆ ಬಂದ ಕೆಂಪು ನೇಲ್ ಪಾಲಿಶ್ ಇದ್ರ ತಗೊಂಡು ಬರ್ರಿ, ಕಲ್ಲು ಸಿಡದು ಬಣ್ಣ ಎದ್ದಲ್ಲಿ ಚುಕ್ಕಿ ಇಡಲಿಕ್ಕೆ ಅದರಂಥಾದ್ದು ಬ್ಯಾರೆ ಇಲ್ಲ.