ವರ್ಷಕ್ಕೊಂದು ಡಾಲರಿನ ಗುರು

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಕುಲಪತಿಗಿಂತ ಆಟದ ತರಬೇತುದಾರನೇ ಹೆಚ್ಚು ವೇತನ ಪಡೆಯುವುದು ಇಂದು ಯಾರಿಗೂ ಸೋಜಿಗವಲ್ಲ. ಅಂಥ ನಾಡಿನಲ್ಲಿ, ಲಾಸ್ ಏಂಜಲೀಸಿನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡವನ್ನು 1942ರಿಂದ 1986ರವರೆಗೆ ನಡೆಸಿ, 1,332 ಪಂದ್ಯಗಳನ್ನೂ 11 ರಾಷ್ಟ್ರೀಯ ಪ್ರಶಸ್ತಿಗಳನ್ನೂ ಗೆದ್ದುಕೊಟ್ಟ ರಾಡ್ ಡೀಡೋ ಎಂಬಾತನು ಆ ಸೇವೆಗಾಗಿ ವರ್ಷಕ್ಕೆ ಒಂದೇ ಒಂದು ಡಾಲರನ್ನು ಸಂಬಳವಾಗಿ ಅಂಗೀಕರಿಸುತ್ತಿದ್ದನೆಂದರೆ, ಕೇಳಿದವರು ಅದನ್ನು ತ್ಯಾಗವೆಂದು ಬಗೆದು ಕೈಮುಗಿಯುವುದು ಸಹಜ. ನನಗೆ ಅದು ತ್ಯಾಗವಾಗಿ ತೋರುವುದಿಲ್ಲ. ಆತನು ಆ ವ್ಯವಸ್ಥೆಯಿಂದ ಪಡೆದುಕೊಂಡದ್ದು ಸ್ವಾತಂತ್ರ್ಯವನ್ನು. ಆತನ ಗೆಲವೂ, ಗೆಲವಿಗಿಂತ ಮಿಗಿಲಾಗಿ ಆತನ ಸ್ವಭಾವವೂ, ಆ ಸ್ವಾತಂತ್ರ್ಯದಿಂದಲೇ ಅರಳಿದುವೆಂದು ನನ್ನ ಎಣಿಕೆ.

1914ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಹುಟ್ಟಿ ಹಾಲಿವುಡ್ಡಿನಲ್ಲಿ ಬೆಳೆದ ಡೀಡೋ, ತಾನು ಮುಂದೆ ಕಲಿಸಲಿದ್ದ ವಿಶ್ವವಿದ್ಯಾಲಯದಲ್ಲಿಯೇ ಓದಿ, ಆಡಿ, 1935ರಲ್ಲಿ ಬ್ರೂಕ್ಲಿನ್ ಡಾಜರ್ಸ್ ಎಂಬ ವೃತ್ತಿಪರ ತಂಡವನ್ನು ಸೇರಿದನು. ಅಲ್ಲಿ ಆಡಿದ್ದು ಎರಡೇ ಪಂದ್ಯ. ದಾಂಡು ಹಿಡಿದು ನಿಂತದ್ದು ನಾಲ್ಕು ಸಲ. ಹೊಡೆತ ಫಲಿಸಿದ್ದು ಒಮ್ಮೆ. ಬೆನ್ನಿಗಾದ ಪೆಟ್ಟು ಆತನ ಆಟಗಾರಿಕೆಗೆ ಮಂಗಳ ಹಾಡಿತು. ಬಳಿಕ 500 ಡಾಲರ್ ಬಂಡವಾಳದಿಂದ ಆರಂಭಿಸಿದ ಲಾರಿ ಸಾಗಣೆಯ ವ್ಯವಹಾರವು ಕೈಹಿಡಿದು, ಆತನನ್ನು ಶ್ರೀಮಂತನನ್ನಾಗಿ ಮಾಡಿತು. ಮಹಾಯುದ್ಧದ ಕಾಲದಲ್ಲಿ ತನ್ನ ಗುರು ಸ್ಯಾಮ್ ಬ್ಯಾರಿ ನೌಕಾಪಡೆಗೆ ಹೋದಾಗ ತಂಡದ ಹೊಣೆ ಆತನ ಹೆಗಲೇರಿತು. ಬ್ಯಾರಿ ಹಿಂದಿರುಗಿದ ಮೇಲೆ, 1950ರಲ್ಲಿ ಅವನು ತೀರಿಕೊಳ್ಳುವವರೆಗೆ, ಗುರುಶಿಷ್ಯರಿಬ್ಬರೂ ಕೂಡಿಯೇ ತಂಡವನ್ನು ನಡೆಸಿದರು. 1948ರ ಮೊದಲ ರಾಷ್ಟ್ರೀಯ ಪ್ರಶಸ್ತಿ ಆ ಜೋಡಿಯದು. ಅಂದು ಸೋತ ಯೇಲ್ ತಂಡದ ನಾಯಕನೇ ಮುಂದೆ ಅಮೆರಿಕದ ಅಧ್ಯಕ್ಷನಾದ ಹಿರಿಯ ಜಾರ್ಜ್ ಬುಷ್.

ಹೊಟ್ಟೆಪಾಡಿಗಾಗಿ ತಂಡ ನಡೆಸುವವನಿಗೆ ಪ್ರತಿಯೊಂದು ಸೋಲೂ ಮುಂದಿನ ಕರಾರಿನ ಚಿಂತೆಯನ್ನು ತರುತ್ತದೆ, ಮತ್ತು ಗುರುವಿನ ಭಯವು ಶಿಷ್ಯರಿಗೆ ಆತನ ವಿದ್ಯೆಗಿಂತ ಬೇಗ ಅಂಟುತ್ತದೆ. ಡೀಡೋವಿಗೆ ಆ ಭಯವಿರಲಿಲ್ಲ. 1973ರಲ್ಲಿ ಒಮಾಹಾದಲ್ಲಿ ನಡೆದ ಕಾಲೇಜು ವಿಶ್ವ ಸರಣಿಯ ಒಂದು ಪಂದ್ಯವನ್ನು ಇಲ್ಲಿ ಸ್ಮರಿಸಬಹುದು. ಬೇಸ್‌ಬಾಲಿನಲ್ಲಿ ಒಂದೊಂದು ತಂಡಕ್ಕೂ ಒಂಬತ್ತು ಸರದಿ. ಮೂವರು ಔಟಾದರೆ ಸರದಿ ಮುಗಿಯಿತು. ಮಿನೆಸೋಟಾ ತಂಡದ ಡೇವ್ ವಿನ್‌ಫೀಲ್ಡ್, ಎದುರಾಳಿಗಳಲ್ಲಿ ಹದಿನೈದು ಮಂದಿಯನ್ನು ಚೆಂಡು ಮುಟ್ಟಗೊಡದೆಯೇ ಹಿಂದಕ್ಕೆ ಕಳುಹಿಸಿ, ಕೊನೆಯ ಸರದಿ ಬರುವಾಗ ತನ್ನ ತಂಡವನ್ನು 7-0 ಮುನ್ನಡೆಯಲ್ಲಿ ನಿಲ್ಲಿಸಿದ್ದನು. ಆ ಒಂದೇ ಸರದಿಯಲ್ಲಿ ಡೀಡೋವಿನ ಹುಡುಗರು ಎಂಟು ರನ್ ಗಳಿಸಿ, 8-7ರಿಂದ ಗೆದ್ದು, ಮುಂದೆ ಪ್ರಶಸ್ತಿಯನ್ನೂ ಎತ್ತಿದರು. ಸರಣಿಯ ಶ್ರೇಷ್ಠ ಆಟಗಾರನೆಂಬ ಗೌರವ ಮಾತ್ರ ಸೋತ ವಿನ್‌ಫೀಲ್ಡನಿಗೇ ಸಂದಿತು, ನ್ಯಾಯವೇ. ಇಂಥ ಗೆಲವಿನಲ್ಲಿ ಅದೃಷ್ಟದ ಪಾಲೂ ಇರುತ್ತದೆಂಬುದನ್ನು ಅಲ್ಲಗಳೆಯಲಾರೆ. ಆದರೆ 1970ರಿಂದ 1974ರವರೆಗೆ ಒಂದೂ ತಪ್ಪದಂತೆ ಐದು ವರ್ಷ ಪ್ರಶಸ್ತಿ ಗೆದ್ದದ್ದು ಬರಿಯ ಅದೃಷ್ಟದ ಕೆಲಸವಲ್ಲ.

ಭಯವಿಲ್ಲದಿದ್ದ ಮಾತ್ರಕ್ಕೆ ಆತನು ಸಡಿಲನಾಗಿರಲಿಲ್ಲ. ಕೈತಪ್ಪಿ ಚೆಂಡು ಜಾರಿದರೆ ಕ್ಷಮೆಯುಂಟು. ಬುದ್ಧಿ ಎಲ್ಲೋ ಅಲೆಯುತ್ತಿದ್ದು ಆದ ತಪ್ಪಿಗೆ ಕ್ಷಮೆಯಿಲ್ಲ. ಅಂಥ ತಪ್ಪು ಮಾಡಿದವನ ತಲೆಗೆ ಒಂದು ಕೆಂಪು ಟೋಪನ್ ಏರುತ್ತಿತ್ತು. ಇಪ್ಪತ್ತರ ಹರೆಯದ ಕಟ್ಟುಮಸ್ತಾದ ಹುಡುಗನೊಬ್ಬನು ಆ ಕೃತಕ ಕೇಶರಾಶಿಯನ್ನು ಹೊತ್ತು ಗೆಳೆಯರ ನಗೆಯ ನಡುವೆ ಕುಳಿತಿರುವುದನ್ನು ಊಹಿಸಿಕೊಂಡರೆ, ಬೈಗುಳಕ್ಕಿಂತ ಆ ಶಿಕ್ಷೆಯೇ ಹೆಚ್ಚು ನಾಟುತ್ತಿತ್ತೆಂದು ನಂಬಬಹುದು. ಜತೆಗೆ ಅದರಲ್ಲಿ ಕಹಿಯಿರಲಿಲ್ಲ. ಎಲ್ಲರನ್ನೂ ಆತನು ‘ಟೈಗರ್’ ಎಂದೇ ಕರೆಯುತ್ತಿದ್ದನು. ಹೆಸರು ನೆನಪಿಡುವ ತೊಡಕು ತಪ್ಪಿತಲ್ಲಾ ಎಂದು ಬಲ್ಲವರು ನಗುತ್ತಿದ್ದರು. ಆ ಟೈಗರುಗಳ ಸಾಲಿನಲ್ಲಿ ಟಾಮ್ ಸೀವರ್, ಫ್ರೆಡ್ ಲಿನ್, ಮಾರ್ಕ್ ಮ್ಯಾಕ್‌ಗ್ವಾಯರ್, ರ‍್ಯಾಂಡಿ ಜಾನ್ಸನ್ ಮೊದಲಾದ ಪ್ರಖ್ಯಾತರಿದ್ದಾರೆ. ಟಾಮ್ ಹೌಸ್ ಎಂಬ ಮತ್ತೊಬ್ಬ ಶಿಷ್ಯನೇ 2008ರಲ್ಲಿ ನಮ್ಮ ಉತ್ತರ ಪ್ರದೇಶದ ಈಟಿ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲರಿಗೆ ಅದೇ ವಿಶ್ವವಿದ್ಯಾಲಯದ ಆವರಣದಲ್ಲಿ ಬೇಸ್‌ಬಾಲ್ ಎಸೆತವನ್ನು ಕಲಿಸಿದನು. ಆ ಹುಡುಗರನ್ನು ಹುಡುಕಿದ ಸ್ಪರ್ಧೆಯ ಹೆಸರಿನಲ್ಲಿದ್ದುದು ಹತ್ತು ಲಕ್ಷ ಡಾಲರು!

ಇಂಥ ಕಥೆಯನ್ನು ಕೇಳಿದೊಡನೆ ಆಡಳಿತ ಮಂಡಲಿಗಳ ಕಣ್ಣು ಮಿನುಗುವುದುಂಟು: ನಿಜವಾದ ಗುರುವಿಗೆ ಹಣವೇಕೆ ಎಂದು. ಅವರಿಗೆ ಹೇಳಬೇಕಾದದ್ದಿಷ್ಟೆ: ಡೀಡೋವಿಗೆ ಲಾರಿಗಳಿದ್ದವು. ಲಾರಿಗಳಿಲ್ಲದವನಿಗೆ ಆ ನಿರ್ಭಯವನ್ನು ತಕ್ಕ ಸಂಬಳ ಹಾಗೂ ದೀರ್ಘವಾದ ಕರಾರಿನ ಮೂಲಕ ಸಂಸ್ಥೆಯೇ ಒದಗಿಸಬೇಕು. ಸಂಬಳವನ್ನು ಇಳಿಸಿ ನಿಷ್ಠೆಯನ್ನು ಬೇಡುವುದು ಲೋಭವಲ್ಲದೆ ಬೇರೇನೂ ಅಲ್ಲ. ಈ ಏರ್ಪಾಡಿಗೆ ಇನ್ನೊಂದು ಮುಖವೂ ಉಂಟು. ಸಂಬಳವನ್ನೇ ಪಡೆಯದವನನ್ನು ಸಾಕು ಎನ್ನುವುದು ಯಾರಿಗೂ ಸುಲಭವಲ್ಲ. 1978ರ ಬಳಿಕ, ಕೊನೆಯ ಎಂಟು ವರ್ಷಗಳಲ್ಲಿ, ಆತನ ತಂಡಕ್ಕೆ ಒಂದು ರಾಷ್ಟ್ರೀಯ ಪ್ರಶಸ್ತಿಯೂ ದೊರೆಯಲಿಲ್ಲ. ವೇತನದಾರನಾಗಿದ್ದರೆ ಅಷ್ಟು ದಿನ ಉಳಿಯಗೊಡುತ್ತಿದ್ದರೋ ಇಲ್ಲವೋ.

ಆ ಇಳಿಗಾಲದಲ್ಲಿಯೇ ಆತನ ಬಹುಕಾಲದ ಬಯಕೆಯೊಂದು ಕೈಗೂಡಿತು. ಬೇಸ್‌ಬಾಲು ಒಲಿಂಪಿಕ್ಸಿಗೆ ಸೇರಬೇಕೆಂದು ದುಡಿದವರಲ್ಲಿ ಆತನೊಬ್ಬನು. 1964ರಲ್ಲಿಯೇ ಟೋಕಿಯೋ ಕ್ರೀಡಾಕೂಟಕ್ಕೆ ಅಮೆರಿಕದ ತಂಡವನ್ನು ಕರೆದೊಯ್ದಿದ್ದನು, ಮತ್ತು ಜಪಾನಿನ ವಿದ್ಯಾರ್ಥಿಗಳೊಡನೆ ಪಂದ್ಯಸರಣಿಯೊಂದು 1972ರಲ್ಲಿ ಮೊದಲಾಗುವಂತೆ ಶ್ರಮಿಸಿದ್ದನು. 1984ರಲ್ಲಿ ತನ್ನ ಊರಿಗೇ ಒಲಿಂಪಿಕ್ಸ್ ಬಂದಾಗ, ಪ್ರದರ್ಶನ ಕ್ರೀಡೆಯಾಗಿ ಡಾಜರ್ ಕ್ರೀಡಾಂಗಣದಲ್ಲಿ ನಡೆದ ಬೇಸ್‌ಬಾಲಿನಲ್ಲಿ ಅಮೆರಿಕದ ತಂಡದ ಸೂತ್ರ ಆತನ ಕೈಯಲ್ಲಿತ್ತು. ಅಂತಿಮ ಪಂದ್ಯವನ್ನು ಜಪಾನ್ 6-3ರಿಂದ ಗೆದ್ದಿತು. ಎರಡು ವರ್ಷ ಕಳೆದು ಆತನು ಹುದ್ದೆಯನ್ನು ಬಿಟ್ಟನು. ಬಿಟ್ಟ ಮೇಲೂ ಕಲಿಸುವ ಚಪಲ ಹೋಗದೆ, 1989ರ ‘ಫೀಲ್ಡ್ ಆಫ್ ಡ್ರೀಮ್ಸ್’ ಚಲನಚಿತ್ರದಲ್ಲಿ ಆಟಗಾರರಾಗಿ ನಟಿಸಬೇಕಾಗಿದ್ದವರಿಗೆ ದಾಂಡು ಹಿಡಿಯುವುದನ್ನು ತಿದ್ದಿಕೊಟ್ಟನು.