ಹಳೆಯ ಜಾವಾ, ಯೆಜ್ಡಿಗೆ ಮರುಜೀವ: ‘ನೂರಕ್ಕೆ ನೂರು ಒರಿಜಿನಲ್’ ಎಂದರೆ ನಿಜಕ್ಕೂ ಏನು?

ತುಕ್ಕು ತಿಂದ ಒಂದು ಜಾವಾ. ಹಿನ್ನೆಲೆಯಲ್ಲಿ ಸಿನಿಮಾ ಸಂಗೀತ. ಯಾರೋ ಟ್ಯಾಂಕಿಗೆ ಕೋಲಾ ಸುರಿಯುತ್ತಾರೆ, ಫ್ರೇಮಿಗೆ ಮರಳು ಹೊಡೆಸುತ್ತಾರೆ, ಒಂದು ನಿಮಿಷ ಮುಗಿಯುವಷ್ಟರಲ್ಲಿ ಕನ್ನಡಿಯಂತೆ ಹೊಳೆಯುವ ಬೈಕು ಎದುರು ನಿಂತಿರುತ್ತದೆ. ಕೆಳಗೆ ಒಂದು ಸಾಲು: ‘ನೂರಕ್ಕೆ ನೂರು ಒರಿಜಿನಲ್’. ಇಂಥ ವಿಡಿಯೋ ನಿಮಗೂ ಬಂದಿರಬಹುದು, ನೀವೂ ನಾಲ್ಕು ಜನರಿಗೆ ಕಳಿಸಿರಬಹುದು. ಅದನ್ನು ನೋಡಿ ಹಿತ್ತಲಲ್ಲಿ ನಿಂತಿರುವ ಅಜ್ಜನ ಬೈಕನ್ನು ಹೊರಗೆಳೆಯುವ ಮೊದಲು ಕೆಲವು ವಿಷಯ ತಿಳಿದಿರಲಿ. ಈ ಕೆಲಸದಲ್ಲಿ ಆಗುವ ಕೆಲವು ತಪ್ಪುಗಳನ್ನು ಆಮೇಲೆ ಎಷ್ಟು ದುಡ್ಡು ಕೊಟ್ಟರೂ ತಿದ್ದಲಾಗದು. ಇನ್ನು ಕೆಲವು ಜೀವಕ್ಕೇ ಅಪಾಯ.

ಮೊದಲು ‘ಒರಿಜಿನಲ್’ ಎಂಬ ಪದವನ್ನೇ ನೋಡೋಣ. ಜಾವಾ ಹುಟ್ಟಿದ್ದು 1929ರಲ್ಲಿ, ಜೆಕೊಸ್ಲೊವಾಕಿಯಾದಲ್ಲಿ. ಯಾನೆಚೆಕ್ ಎಂಬ ಉದ್ಯಮಿಯ ಹೆಸರು, ವಾಂಡರರ್ ಎಂಬ ಜರ್ಮನ್ ಕಂಪನಿಯ ಹೆಸರು, ಎರಡರ ಮೊದಲಕ್ಷರಗಳು ಸೇರಿ ‘ಜಾವಾ’ ಆಯಿತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಂಪನಿ 1960ರ ದಶಕದ ಆರಂಭದಿಂದ ಆ ಬೈಕನ್ನು ಪರವಾನಗಿ ಪಡೆದು ತಯಾರಿಸಿತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಿಂದ ಮತ್ತೆ ಇದೇ ಹೆಸರಿನಲ್ಲಿ ಬರುತ್ತಿರುವವು ಬೇರೆ ಕಂಪನಿಯ ಫೋರ್ ಸ್ಟ್ರೋಕ್ ಬೈಕುಗಳು. ಅವುಗಳ ಭಾಗ ಹಳೆಯದಕ್ಕೆ ಕೂರುವುದಿಲ್ಲ.

ಹಾಗಾದರೆ ಮೈಸೂರಿನ ಜಾವಾಕ್ಕೆ ಜೆಕ್ ದೇಶದಿಂದ ತರಿಸಿದ ಹೊಸ ಸೈಲೆನ್ಸರ್ ಹಾಕಿದರೆ ಅದು ಒರಿಜಿನಲ್ಲೇ? ಹಿಂದಿನ ಚಕ್ರದ ಪಕ್ಕದ ಸೀರೆ ಗಾರ್ಡ್ ಜೆಕ್ ಮೂಲದಲ್ಲಿ ಇರಲೇ ಇಲ್ಲ. ನಮ್ಮಲ್ಲಿ ಸೀರೆ ಉಟ್ಟವರು ಹಿಂದೆ ಕೂರುತ್ತಿದ್ದರು, ಅದಕ್ಕೇ ಅದು ಬಂತು. ‘ಇದು ಮೂಲದ್ದಲ್ಲ’ ಎಂದು ಕಿತ್ತು ಗುಜರಿಗೆ ಹಾಕಿದರೆ ಆ ಬೈಕಿನ ಭಾರತದ ಚರಿತ್ರೆಯ ಒಂದು ತುಂಡೇ ಹೋದಂತೆ. ನಮ್ಮ ಅಭಿಪ್ರಾಯದಲ್ಲಿ ಕಾರ್ಖಾನೆಯ ಬಾಗಿಲು ದಾಟಿದ ದಿನದ ಸ್ಥಿತಿ ಒಂದೇ ಒರಿಜಿನಲ್ ಅಲ್ಲ.

ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಒಪ್ಪಿಕೊಂಡಿರುವ ಟ್ಯೂರಿನ್ ಚಾರ್ಟರ್ ಕೂಡ ಹೆಚ್ಚುಕಡಿಮೆ ಇದೇ ಮಾತು ಹೇಳುತ್ತದೆ. ಉಳಿದಿರುವುದನ್ನು ಉಳಿಸಿಕೊಳ್ಳುವುದು ಮೊದಲು, ಹೊಸದಾಗಿ ಮಾಡುವುದು ಆಮೇಲೆ. ಏನಾದರೂ ಬದಲಿಸಿದರೆ ಅದನ್ನು ಹಿಂದಕ್ಕೆ ತರಲು ಆಗುವಂತಿರಬೇಕು, ಬದಲಿಸಿದ್ದಕ್ಕೆ ದಾಖಲೆ ಇರಬೇಕು. ‘ಹಿಂದಕ್ಕೆ ತರಲು ಆಗುತ್ತದೆಯೇ?’ ಎಂಬ ಈ ಒಂದು ಪ್ರಶ್ನೆ ಒರಿಜಿನಲ್ ಮತ್ತು ಸ್ವಂತ ಇಷ್ಟದ ಜಗಳವನ್ನು ಮುಕ್ಕಾಲು ಪಾಲು ಬಗೆಹರಿಸುತ್ತದೆ. ಸೀಟು, ಹ್ಯಾಂಡಲ್, ಕನ್ನಡಿ, ಬಲ್ಬು ಎಲ್ಲವೂ ಬೋಲ್ಟು ಬಿಚ್ಚಿದರೆ ಹಿಂದಕ್ಕೆ ಬರುತ್ತವೆ. ಅಲ್ಲಿ ನಿಮ್ಮಿಷ್ಟ. ಫ್ರೇಮ್ ಕತ್ತರಿಸುವುದು, ಮಡ್‌ಗಾರ್ಡ್ ತುಂಡು ಮಾಡುವುದು, ಹಳೆಯ ಬಣ್ಣವನ್ನು ಪೂರ್ತಿ ಕೆರೆಯುವುದು ಹಾಗಲ್ಲ.

ಬಣ್ಣದ ವಿಷಯದಲ್ಲಿ ಜನ ಹೆಚ್ಚು ಅವಸರ ಮಾಡುತ್ತಾರೆ. ಕಾರ್ಖಾನೆಯ ಮರೂನ್ ಬಣ್ಣ ಮಾಸಿದ್ದರೂ ಅದು ಅದೇ ಬಣ್ಣ. ಟ್ಯಾಂಕಿನ ಅಂಚಿನಲ್ಲಿ ಕೈಯಿಂದ ಎಳೆದ ಗೆರೆ ವಂಕಿಯಾಗಿದ್ದರೆ ಅದೂ ಯಾರೋ ಒಬ್ಬ ಕೆಲಸಗಾರನ ಕೈಬರಹ. ಒಮ್ಮೆ ಕೆರೆದ ಮೇಲೆ ಎಷ್ಟು ಚೆಂದದ ಬಣ್ಣ ಹೊಡೆದರೂ ಅದು ನಕಲೇ. ಹಾಗಾಗಿ ಮೊದಲು ಮೆದು ಬಟ್ಟೆ, ಸೋಪಿನ ನೀರು, ಪಾಲಿಶ್, ಮೇಣ. ಅದಕ್ಕೆ ಬಗ್ಗದಿದ್ದರೆ ಮಾತ್ರ ಮುಂದಿನ ಹೆಜ್ಜೆ. ಕೆರೆಯಲೇಬೇಕಾದರೆ ಒಣಗಿದ್ದನ್ನು ಉಜ್ಜಬೇಡಿ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ. ನೀರು ಹಾಕಿ ಉಜ್ಜಿ, ಮಾಸ್ಕ್ ಧರಿಸಿ, ಮಕ್ಕಳನ್ನು ದೂರವಿಡಿ.

ಇನ್ನು ಫಾರ್ವರ್ಡ್‌ಗಳ ಮನೆಮದ್ದುಗಳು.

ಕೋಲಾ ತುಕ್ಕು ತೆಗೆಯುತ್ತದೆಯೇ? ಸ್ವಲ್ಪ ಮಟ್ಟಿಗೆ ಹೌದು. ಅದರಲ್ಲಿ ಫಾಸ್ಫಾರಿಕ್ ಆಮ್ಲವಿದೆ, ತೆಳು ತುಕ್ಕು ಕರಗುತ್ತದೆ. ಆದರೆ ಆಮ್ಲ ತೀರಾ ಕಡಿಮೆ, ಸಕ್ಕರೆ ತೀರಾ ಹೆಚ್ಚು. ಅದೇ ದುಡ್ಡಿಗೆ ಸಿಗುವ ಸಿಟ್ರಿಕ್ ಆಮ್ಲ, ಅಂದರೆ ಅಡುಗೆಯ ನಿಂಬೆ ಉಪ್ಪು, ಚೆನ್ನಾಗಿ ಕೆಲಸ ಮಾಡುತ್ತದೆ. ಯಾವುದನ್ನೇ ಬಳಸಿದರೂ ನಂತರ ಅಡುಗೆ ಸೋಡಾ ನೀರಿನಿಂದ ತೊಳೆದು, ಕೂಡಲೇ ಒಣಗಿಸಿ, ಎಣ್ಣೆ ಸವರಬೇಕು. ಇಲ್ಲದಿದ್ದರೆ ಗಂಟೆಗಳಲ್ಲೇ ಕಿತ್ತಳೆ ಬಣ್ಣದ ಹೊಸ ತುಕ್ಕು ಹಾಜರ್.

ಅಲ್ಯೂಮಿನಿಯಂ ಫಾಯಿಲ್ ಒದ್ದೆ ಮಾಡಿ ಕ್ರೋಮ್ ಉಜ್ಜಿ ಎನ್ನುವ ಸಲಹೆ? ಇದು ನಿಜ! ಅಲ್ಯೂಮಿನಿಯಂ ಕ್ರೋಮಿಗಿಂತ ತುಂಬಾ ಮೆದು, ಗೀರು ಬೀಳದೆ ಮೇಲಿನ ತುಕ್ಕು ಹೋಗುತ್ತದೆ. ಆದರೆ ಕ್ರೋಮ್ ಎದ್ದುಹೋದ ಜಾಗಕ್ಕೆ ಕ್ರೋಮ್ ಮರಳಿ ಬರುವುದಿಲ್ಲ.

ಟಾಯ್ಲೆಟ್ ಕ್ಲೀನರ್ ಮಾತ್ರ ಬೇಡವೇ ಬೇಡ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಕ್ರೋಮನ್ನೇ ಕರಗಿಸುತ್ತದೆ. ಬ್ಲೀಚ್ ಜೊತೆ ಸೇರಿದರೆ ವಿಷಾನಿಲ ಏಳುತ್ತದೆ.

ಕ್ರೋಮ್ ಬಗ್ಗೆ ಇನ್ನೊಂದು ಮಾತು. ಹೊಳೆಯುವ ಆ ಪದರ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ತೆಳು. ಉಕ್ಕನ್ನು ಕಾಯುವುದು ಮುಖ್ಯವಾಗಿ ಅದರ ಕೆಳಗಿನ ನಿಕ್ಕಲ್. ಮರುಕ್ರೋಮ್ ಮಾಡಿಸುವಾಗ ಹಳೆಯದನ್ನು ತೆಗೆದು ಲೋಹವನ್ನು ಉಜ್ಜುತ್ತಾರೆ, ಹಾಗಾಗಿ ಪ್ರತಿ ಸಲವೂ ತಗಡು ತೆಳುವಾಗುತ್ತದೆ. ಆ ಕೆಲಸದಲ್ಲಿ ಸಾಂಪ್ರದಾಯಿಕವಾಗಿ ಬಳಸುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್‌ಕಾರಕವೆಂದು ಖಚಿತವಾಗಿದೆ. ನಮ್ಮ ಬೈಕಿನ ಹೊಳಪಿಗೆ ಬೆಲೆ ತೆರುವವನು ಸಣ್ಣ ಶೆಡ್ಡಿನಲ್ಲಿ ಗ್ಲೌಸಿಲ್ಲದೆ ನಿಂತ ಹುಡುಗ. ಎರಡು ಚುಕ್ಕೆ ತುಕ್ಕಿಗಾಗಿ ಇಡೀ ಟ್ಯಾಂಕನ್ನು ಅಲ್ಲಿಗೆ ಕಳಿಸಬೇಕೇ ಎಂದು ನಾವಂತೂ ಎರಡು ಸಲ ಯೋಚಿಸುತ್ತೇವೆ.

ಟ್ಯಾಂಕ್ ಸೋರುತ್ತಿದ್ದರೆ ‘ಖಾಲಿ ಇದೆ, ವೆಲ್ಡ್ ಮಾಡಿಬಿಡಿ’ ಎನ್ನುವವರಿದ್ದಾರೆ. ದಯವಿಟ್ಟು ಬೇಡ. ಉರಿಯುವುದು ಪೆಟ್ರೋಲಿನ ಆವಿ. ಗಾಳಿಯಲ್ಲಿ ಶೇ 1.4ರಷ್ಟು ಆವಿ ಇದ್ದರೂ ಕಿಡಿಗೆ ಅದು ಸ್ಫೋಟಿಸಬಲ್ಲದು. ‘ಖಾಲಿ’ ಟ್ಯಾಂಕಿನಲ್ಲಿ ಆ ಮಿಶ್ರಣ ಸುಲಭವಾಗಿ ಸಿದ್ಧವಾಗುತ್ತದೆ.

ಒರಿಜಿನಲ್ ಆಗಿ ಇರಲೇಬಾರದ ಭಾಗಗಳೂ ಇವೆ. ಒಂದು, ಟೈರ್. ರಬ್ಬರ್ ಓಡದೇ ನಿಂತರೂ ಮುಪ್ಪಾಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತು ಹುಡುಕಿ, 2319 ಎಂದಿದ್ದರೆ 2019ರ 23ನೇ ವಾರದ್ದು. ನಾಲ್ಕಂಕಿ ಇಲ್ಲವೇ ಇಲ್ಲವೆಂದರೆ ಅದು 2000ಕ್ಕೂ ಹಿಂದಿನದ್ದಿರಬಹುದು, ಗೋಡೆಗೆ ನೇತುಹಾಕಿ. ಇನ್ನೊಂದು, ಬ್ರೇಕ್ ಶೂ. ಹಳೆಯವುಗಳಲ್ಲಿ ಕಲ್ನಾರು ಇರಬಹುದು. ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದ ಊದುವುದು, ಏರ್ ಹೊಡೆಯುವುದು ಶ್ವಾಸಕೋಶಕ್ಕೆ ಅಪಾಯ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಹೆಡ್‌ಲೈಟ್ ಮಂಕು, 12 ವೋಲ್ಟ್ ಮಾಡಿಸಿ ಎಂಬ ಸಲಹೆಯೂ ಓಡಾಡುತ್ತಿದೆ. ಹಳೆಯ ಜಾವಾದ್ದು 6 ವೋಲ್ಟ್. ಅಷ್ಟೇ ವಾಟಿನ ಬಲ್ಬಿಗೆ 12ಕ್ಕಿಂತ ಇಲ್ಲಿ ಎರಡು ಪಟ್ಟು ಕರೆಂಟ್ ಹರಿಯಬೇಕು, ಹಾಗಾಗಿ ಅದೇ ತಂತಿಯಲ್ಲಿ ನಷ್ಟ ನಾಲ್ಕು ಪಟ್ಟು. ಅಂದರೆ ತುಕ್ಕು ಹಿಡಿದ ಅರ್ಥಿಂಗ್, ಹಳೆಯ ತಂತಿ 6 ವೋಲ್ಟನ್ನು ಬೇಗ ಕೊಲ್ಲುತ್ತವೆ. ಮೊದಲು ತಂತಿ ಬದಲಿಸಿ, ಅರ್ಥಿಂಗ್ ಉಜ್ಜಿ ನೋಡಿ. ಆಮೇಲೂ ರಾತ್ರಿ ಓಡಿಸಲು ಸಾಲದಿದ್ದರೆ 12 ವೋಲ್ಟ್ ಕಿಟ್ ಹಾಕಿಸಿ, ಹಳೆಯ ಡೈನಮೋ ಎತ್ತಿಡಿ.

‘ಹಳೆ ಬೈಕಿಗೆ ಸೀಸದ ಪೆಟ್ರೋಲ್ ಬೇಕು’ ಎಂಬುದಕ್ಕೆ ಜಾವಾ ಮಟ್ಟಿಗೆ ಅರ್ಥವಿಲ್ಲ. ಸೀಸ ಕಾಪಾಡುತ್ತಿದ್ದದ್ದು ವಾಲ್ವ್ ಕೂರುವ ಜಾಗವನ್ನು, ಈ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಅಂಥ ವಾಲ್ವೇ ಇಲ್ಲ. ನಿಜವಾಗಿ ಗಮನಿಸಬೇಕಾದದ್ದು ಎಥನಾಲ್. ಈಗಿನ ಇ20 ಪೆಟ್ರೋಲ್ ತೇವ ಹೀರುತ್ತದೆ, ಕೆಲವು ಹಳೆಯ ರಬ್ಬರನ್ನು ಹಾಳುಮಾಡುತ್ತದೆ. ಪೈಪು, ವಾಷರ್‌ಗಳನ್ನು ಎಥನಾಲ್ ತಾಳುವಂಥದ್ದಕ್ಕೆ ಬದಲಿಸಿ, ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ.

ಕೊನೆಗೆ ಕಾಗದಪತ್ರ. ಇಲ್ಲೇ ಹೆಚ್ಚು ಜನ ಸಿಕ್ಕಿಬೀಳುವುದು. ಮರಳು ಹೊಡೆಸಿ ಪೌಡರ್ ಕೋಟಿಂಗ್ ಮಾಡಿಸಿದಾಗ ಚಾಸಿಸ್ ನಂಬರ್ ಮುಚ್ಚಿಹೋಗುತ್ತದೆ, ಸವೆದೂ ಹೋಗಬಹುದು. ನಂಬರ್ ಓದಲಾಗದ ಬೈಕು ಕಾನೂನಿನ ಕಣ್ಣಿಗೆ ಕಳವಿನ ಮಾಲಿನಂತೆಯೇ ಕಾಣುತ್ತದೆ. ಕೆಲಸ ಶುರುವಾಗುವ ಮೊದಲೇ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ನಂಬರಿನ ಅಚ್ಚು ತೆಗೆದುಕೊಳ್ಳಿ, ಫೋಟೋ ತೆಗೆಯಿರಿ, ಆ ಜಾಗಕ್ಕೆ ಟೇಪ್ ಸುತ್ತಿಸಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿ ವಿವರಕ್ಕೂ ಕಂಪನಿಯ ಮೂಲ ವಿವರಕ್ಕೂ ತಾಳೆಯಾಗದಂತೆ ವಾಹನವನ್ನು ಬದಲಿಸುವಂತಿಲ್ಲ. ಎಂಜಿನ್ ಬದಲಿಸುವ ಮೊದಲು ಆರ್‌ಟಿಒ ಅನುಮತಿ ಬೇಕು. ಬಣ್ಣ ಬದಲಾದರೆ ಆರ್‌ಸಿಯಲ್ಲೂ ಬದಲಾಯಿಸಿಕೊಳ್ಳುವುದು ಕ್ಷೇಮ.

2021ರ ವಿಂಟೇಜ್ ನಿಯಮ ಇನ್ನೂ ಬಿಗಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಚಾಸಿಸ್, ಬಾಡಿ, ಎಂಜಿನ್ ಹೆಚ್ಚು ಮಾರ್ಪಾಡಾಗದ ವಾಹನಕ್ಕೆ ‘ವಿಎ’ ಅಕ್ಷರದ ನಂಬರ್ ಸಿಗುತ್ತದೆ. ನಿಯಮದ ಪ್ರಕಾರ ನೋಂದಣಿ ಶುಲ್ಕ 20,000 ರೂಪಾಯಿ, ಹತ್ತು ವರ್ಷದ ನಂತರ ಮರುನೋಂದಣಿಗೆ 5,000. ಆದರೆ ಆ ನಂಬರಿನ ಬೈಕನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕೆಲಸಕ್ಕೆ ಮಾತ್ರ ರಸ್ತೆಗಿಳಿಸಬಹುದು. ಭಾನುವಾರ ಬೆಳಗ್ಗೆ ಸುಮ್ಮನೆ ಚಾಮುಂಡಿ ಬೆಟ್ಟಕ್ಕೆ ಹೋಗಿಬರುವ ಆಸೆ ಇದ್ದರೆ ಹಳೆಯ ಆರ್‌ಸಿಯನ್ನೇ ನವೀಕರಿಸಿಕೊಂಡು ಇಟ್ಟುಕೊಳ್ಳುವುದು ಲೇಸು.

ಬಿಚ್ಚಿದ ಭಾಗಗಳನ್ನು, ತುಕ್ಕು ಹಿಡಿದ ಬೋಲ್ಟ್ ಸಮೇತ, ಹೆಸರು ಬರೆದ ಡಬ್ಬಿಯಲ್ಲಿ ಹಾಕಿಡಿ. ಮೆಕ್ಯಾನಿಕ್ ‘ಇದು ವೇಸ್ಟು’ ಎಂದರೂ ಮನೆಗೆ ತನ್ನಿ.