ಜೀಪಿನ ನಾಡಿಪರೀಕ್ಷೆ

ಹಳೆಯ ಜೀಪು ಸದ್ದು ಮಾಡುವುದು ಹೊಸ ಸುದ್ದಿಯೇನಲ್ಲ. ಸದ್ದೇ ಇಲ್ಲದ ಹಳೆಯ ಜೀಪನ್ನು ನಾವಂತೂ ಕಂಡಿಲ್ಲ. ಆದರೆ ದಿನವೂ ಕೇಳುವ ಸದ್ದುಗಳ ನಡುವೆ ಪರಿಚಯವಿಲ್ಲದ ಒಂದು ಸದ್ದು ಬಂದು ಸೇರಿಕೊಂಡರೆ ಯಜಮಾನನ ಎದೆ ಧಸಕ್ಕೆನ್ನುತ್ತದೆ. ಅದರಲ್ಲೂ ಹಬ್ಬಕ್ಕೆಂದು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ಪುಣೆಯಿಂದ ಖಂಬಾಟಕಿ ಘಾಟು ಹತ್ತಿ ಬೆಳಗಾವಿಯ ಕಡೆಗೆ ಹೊರಡುವವರಿಗೆ ಇದು ತಮಾಷೆಯ ಮಾತಲ್ಲ.

ನಮ್ಮ ಸಂಘದ ಸದಸ್ಯರೊಬ್ಬರಿಗೆ ಇಂಥ ಪ್ರಸಂಗ ಬಂದಿತ್ತು. ಅವರದು ವಿಲ್ಲೀಸ್ ತಳಿಯ ಹಳೆಯ ಜೀಪು. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೆರಿಕದಲ್ಲಿ ಹುಟ್ಟಿದ ಈ ತಳಿಯನ್ನು ಮಹೀಂದ್ರಾ ಕಂಪನಿಯವರು 1940ರ ದಶಕದ ಕೊನೆಗೆ ಮುಂಬಯಿಯಲ್ಲಿ ಜೋಡಿಸತೊಡಗಿದರು. ಅಮೆರಿಕದಲ್ಲಿ 1953ರಲ್ಲಿ ಹೊರಬಂದ ಸಿಜೆ-3ಬಿ ಮಾದರಿಯಂತೂ ನಮ್ಮಲ್ಲಿ ದಶಕಗಳ ಕಾಲ ಬಾಳಿತು. ಮಿತ್ರರ ಗಾಡಿಯೂ ಅದೇ. ಅದು ಹೊರಡುವಾಗ ‘ಟಣ್’ ಎಂದು ಒಂದು ಪೆಟ್ಟು. ಮೆಲ್ಲಗೆ ಹೋಗುವಾಗ ಗುಬ್ಬಚ್ಚಿ ಕೂಗಿದಂತೆ ‘ಚಿಂವ್ ಚಿಂವ್’. ವೇಗ ನಲವತ್ತಕ್ಕೆ ಏರಿತೆಂದರೆ ಕಾಲಡಿಯಲ್ಲಿ ನಡುಕ. ಗ್ಯಾರೇಜಿನವರು ಗಾಡಿಯನ್ನು ಓಡಿಸಿಯೂ ನೋಡದೆ, “ಹಿಂದಿನ ಕ್ರೌನ್-ಪಿನಿಯನ್ ಹೋಗಿದೆ, ಪೂರಾ ಬದಲಿಸಬೇಕು” ಎಂದುಬಿಟ್ಟರು. ತಿಂಗಳ ಸಂಬಳವನ್ನು ನುಂಗಿ ನೀರು ಕುಡಿಯುವ ಮಾತು!

ಕಚೇರಿಯಲ್ಲಿ ಫೈಲು ಕಾಣದಾದರೆ ನಾವು ಇದ್ದ ಬೀರುಗಳನ್ನೆಲ್ಲ ಬರಿದು ಮಾಡುವುದಿಲ್ಲ. ಯಾರ ಮೇಜಿನಿಂದ ಯಾರ ಮೇಜಿಗೆ ಹೋಯಿತೆಂದು ವಿಚಾರಿಸುತ್ತೇವೆ. ಜೀಪಿನ ವಿಷಯದಲ್ಲೂ ಹಾಗೆಯೇ. ಶಕ್ತಿಯು ಇಂಜಿನ್ನಿನಿಂದ ಹೊರಟು ಕ್ಲಚ್ಚು, ಗೇರುಪೆಟ್ಟಿಗೆ, ಟ್ರಾನ್ಸ್‌ಫರ್ ಪೆಟ್ಟಿಗೆಗಳನ್ನು ಹಾದು, ಮುಂದಕ್ಕೊಂದು ಹಿಂದಕ್ಕೊಂದು ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಕ್ರೌನ್-ಪಿನಿಯನ್ನಿಗೆ, ಅಲ್ಲಿಂದ ಚಕ್ರಕ್ಕೆ ಹೋಗುತ್ತದೆ. ಸದ್ದು ಎಲ್ಲಿದೆ ಎಂದು ಕೇಳುವುದಕ್ಕಿಂತ, ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ಕೇಳುವುದೇ ಜಾಣತನ.

ಮೊದಲು ಗಾಡಿಯನ್ನು ನಿಲ್ಲಿಸಿ, ನ್ಯೂಟ್ರಲಿನಲ್ಲಿ ಇಂಜಿನ್ ನಡೆಸಿ. ಆಗಲೂ ಸದ್ದಿದ್ದರೆ ಚಕ್ರ, ಶಾಫ್ಟುಗಳನ್ನು ದೂರಬೇಡಿ. ಕ್ಲಚ್ಚು ಒತ್ತಿದಾಗ ಸದ್ದು ನಿಂತರೆ ಗೇರುಪೆಟ್ಟಿಗೆಯ ಬೇರಿಂಗಿನ ಮೇಲೆ ಅನುಮಾನ. ಒತ್ತಿದಾಗಲೇ ಶುರುವಾದರೆ ಕ್ಲಚ್ಚಿನ ರಿಲೀಸ್ ಬೇರಿಂಗಿನ ಮೇಲೆ. ಬಳಿಕ ಸಪಾಟಾದ, ನಿರ್ಜನವಾದ ರಸ್ತೆಯಲ್ಲಿ ನಲವತ್ತರ ವೇಗಕ್ಕೆ ತಂದು ನ್ಯೂಟ್ರಲಿಗೆ ಹಾಕಿ. ಘಾಟಿನ ಇಳಿಜಾರಿನಲ್ಲಿ ಮಾತ್ರ ಈ ಪ್ರಯೋಗ ಸರ್ವಥಾ ಕೂಡದು. ಗಾಡಿಯ ವೇಗದೊಡನೆಯೇ ಸದ್ದೂ ಇಳಿಯುತ್ತ ಬಂದರೆ ದೋಷವಿರುವುದು ಗೇರುಪೆಟ್ಟಿಗೆಯಿಂದ ಆಚೆಗೆ. ಆಕ್ಸಲರೇಟರ್ ತುಳಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗದ ಊಳು ಬಂದರೆ ಕ್ರೌನ್-ಪಿನಿಯನ್ನನ್ನು ನೋಡಿಸಬೇಕು. ಎಡಕ್ಕೆ ತಿರುಗುವಾಗ ಗುಂಯ್‌ಗುಡುವಿಕೆ ಹೆಚ್ಚಿದರೆ, ಭಾರ ಬೀಳುವ ಬಲಬದಿಯ ಚಕ್ರದ ಬೇರಿಂಗನ್ನು ನೋಡಿಸಬೇಕು.

ಇನ್ನೊಂದು ಪರೀಕ್ಷೆಗೆ ಹಣವೂ ಬೇಡ, ಸಲಕರಣೆಯೂ ಬೇಡ. ಸಿಜೆ-3ಬಿ ಜೀಪಿನಲ್ಲಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟು 5.38 ಸುತ್ತು ತಿರುಗುತ್ತದೆ. ಒಬ್ಬರು ಗಾಡಿಯನ್ನು ನಡಿಗೆಯ ವೇಗದಲ್ಲಿ ಬಿಡಲಿ. ಇನ್ನೊಬ್ಬರು ಪಕ್ಕದಲ್ಲಿ, ಚಕ್ರದಿಂದ ದೂರ ನಡೆಯುತ್ತ ಎಣಿಸಲಿ. ಚಕ್ರದ ಒಂದು ಸುತ್ತಿಗೆ ಒಂದೇ ಸಲ ಸದ್ದು ಬಂದರೆ ಚಕ್ರ, ಬ್ರೇಕ್ ಡ್ರಮ್ಮುಗಳ ಕಡೆ ನೋಡಿ. ಐದು ಸಲ ಅಥವಾ ಇನ್ನೂ ಹೆಚ್ಚು ಬಂದರೆ ಶಾಫ್ಟಿನ ಕಡೆ. ನಮ್ಮ ಮಿತ್ರರ ಮಗ ಶಾಲೆಗೆ ಹೋಗುವ ಹುಡುಗ. ಅವನೇ ಎಣಿಸಿ, “ಐದಕ್ಕಿಂತ ಜಾಸ್ತಿ, ಅಪ್ಪಾ” ಎಂದ.

ಆಮೇಲೆ ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಇಂಜಿನ್ ಆರಿಸಿ ಶಾಫ್ಟನ್ನು ಕೈಯಿಂದ ಅಲುಗಾಡಿಸಿದರು. ಹಿಂದಿನ ಕೀಲಿನಲ್ಲಿ, ಅಂದರೆ ಮಿಸ್ತ್ರಿಗಳು ‘ಕ್ರಾಸ್’ ಎನ್ನುವ ಯೂನಿವರ್ಸಲ್ ಜಾಯಿಂಟಿನಲ್ಲಿ, ಕಣ್ಣಿಗೆ ಕಾಣುವಷ್ಟು ಸಡಿಲವಿತ್ತು. ಅದರ ಬಟ್ಟಲಿನ ಸುತ್ತ ಕೆಂಪು ತುಕ್ಕಿನ ಪುಡಿ. ಗ್ರೀಸು ಕಾಣದೆ ಒಳಗಿನ ಸೂಜಿ ಬೇರಿಂಗುಗಳು ಸವೆದುಹೋಗಿದ್ದವು. ಹೊಸ ಕ್ರಾಸ್ ಹಾಕಿಸಿದ ಮೇಲೆ ಗುಬ್ಬಚ್ಚಿಯೂ ಹಾರಿತು, ನಡುಕವೂ ನಿಂತಿತು. ಕ್ರೌನ್-ಪಿನಿಯನ್ನಿನ ಖರ್ಚಿಗೆ ಹೋಲಿಸಿದರೆ ಇದು ಚಿಲ್ಲರೆ ಲೆಕ್ಕ.

ಆದರೆ ಹಣ ಉಳಿದದ್ದು ಸಣ್ಣ ಮಾತು. ಈ ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ; ಟ್ರಾನ್ಸ್‌ಫರ್ ಪೆಟ್ಟಿಗೆಯ ಹಿಂದಿರುವ ಡ್ರಮ್ಮನ್ನು ಹಿಡಿದು, ಹಿಂದಿನ ಶಾಫ್ಟಿನ ಮೂಲಕ ಗಾಡಿಯನ್ನು ನಿಲ್ಲಿಸುತ್ತದೆ. ಘಾಟಿನಲ್ಲಿ ಆ ಕ್ರಾಸ್ ಮುರಿದರೆ ಚಕ್ರಕ್ಕೆ ಶಕ್ತಿ ತಪ್ಪುವುದಷ್ಟೇ ಅಲ್ಲ, ಹ್ಯಾಂಡ್‌ಬ್ರೇಕೂ ಕೈಕೊಡುತ್ತದೆ. ಗೇರಿನಲ್ಲಿ ನಿಲ್ಲಿಸಿದರೂ ಗಾಡಿ ಹಿಂದಕ್ಕೆ ಜಾರುತ್ತದೆ. ಬೀಸುವ ಶಾಫ್ಟಿನ ತುದಿ ಬೇರೆ ಏನನ್ನು ಹೊಡೆದೀತೋ ಹೇಳಲಾಗದು. ಮಕ್ಕಳು ಹಿಂದಿನ ಸೀಟಿನಲ್ಲಿರುವಾಗ ‘ಊರಿಗೆ ಹೋಗಿ ಬಂದಮೇಲೆ ನೋಡೋಣ’ ಎನ್ನುವ ಸದ್ದು ಇದಲ್ಲ.

ನಾಲ್ಕು ಚಕ್ರದ ಗೇರಿನ ಬಗ್ಗೆಯೂ ಒಂದು ಮಾತು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳುತ್ತವೆ. ಕೆಸರಿನಲ್ಲಿ ಚಕ್ರ ಜಾರಿ ಈ ವ್ಯತ್ಯಾಸ ತೀರಿಹೋಗುತ್ತದೆ. ಒಣಗಿದ ಡಾಂಬರಿನಲ್ಲಿ ತೀರದೆ ಶಾಫ್ಟುಗಳು ಬಿಗಿಯುತ್ತವೆ, ಸ್ಟಿಯರಿಂಗು ಭಾರವಾಗುತ್ತದೆ, ಕೊನೆಗೆ ‘ಢಣ್’ ಎನ್ನುತ್ತದೆ. ನಾಲ್ಕು ಟೈರುಗಳು ಒಂದೇ ಅಳತೆಯಲ್ಲಿಲ್ಲದಿದ್ದರೂ ಇದೇ ಗತಿ. ಲಿವರು ಸಿಕ್ಕಿಕೊಂಡರೆ ಬಲ ಹಾಕಬೇಡಿ. ನೇರವಾಗಿ ಸ್ವಲ್ಪ ಹಿಂದಕ್ಕೆ ಬಿಟ್ಟರೆ ಬಿಗಿ ಸಡಿಲುತ್ತದೆ.

ಇಂಥ ಗಾಡಿಯುಳ್ಳ ವಾಚಕರು ಗ್ಯಾರೇಜಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ: ನಿಂತಾಗ ಸದ್ದಿದೆಯೇ? ನ್ಯೂಟ್ರಲಿನಲ್ಲಿ ಉಳಿಯುತ್ತದೆಯೇ? ತಿರುವಿನಲ್ಲಿ ಬದಲಾಗುತ್ತದೆಯೇ? ಚಕ್ರದ ಸುತ್ತಿಗೆ ಎಷ್ಟು ಸಲ? ಒಳ್ಳೆಯ ಮಿಸ್ತ್ರಿ ಆ ಚೀಟಿಯನ್ನು ಸಂತೋಷದಿಂದ ಓದುತ್ತಾನೆ. ಓದದೆ ಸ್ಪ್ಯಾನರು ಎತ್ತಿಕೊಳ್ಳುವವನಿದ್ದರೆ, ಪಕ್ಕದ ಬೀದಿಯಲ್ಲಿ ಇನ್ನೊಬ್ಬ ಮಿಸ್ತ್ರಿ ಇದ್ದೇ ಇರುತ್ತಾನೆ. ಮಳೆಗಾಲದಲ್ಲಿ ನೀರಿಗಿಳಿದು ಬಂದ ಮೇಲೆ ಕ್ರಾಸುಗಳಿಗೆ ಗ್ರೀಸು ಹೊಡೆಸುವುದನ್ನೂ ಮರೆಯಬೇಡಿ.